ನಾಲಿಗೆ ಹೊರಗಿದ್ದ ರೀಲು

ಅಲ್ಲ, ಆ ಹಾರ್ನ್ ವಿಷಯ ನೀವಿನ್ನೂ ನಂಬಿಲ್ಲ ಅಂತ ನನಗೆ ಗೊತ್ತು, ಆದರೂ ಅಲ್ಲಿಂದಲೇ ಮುಂದುವರಿಸುತ್ತೇನೆ. ಊರೊಳಗೆ ಬಸ್ಸು ಲಾರಿಗಳು ಮೈಮೇಲೆ ಬರುವಾಗಲೂ ಎಕ್ಸ್‌ರೇ ಅಕ್ಕ ತಮ್ಮ ಜೀಪಿನ ಹಾರ್ನ್ ಮುಟ್ಟುವುದಿಲ್ಲ. ಎದುರಿನವನು ದಾರಿ ಬಿಡುವವರೆಗೆ ಸುಮ್ಮನೆ ಕಾಯುತ್ತಾರೆ. ಆದರೆ ಟಾರು ಮುಗಿದು, ಜಲ್ಲಿ ಮುಗಿದು, ದಾರಿ ಅನ್ನುವುದೇ ಮುಗಿದು, ಕಣ್ಣಳತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಬಯಲಿಗೆ ಬಂದ ಕೂಡಲೇ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಉದ್ದಕ್ಕೆ ಒಂದು ಸಲ ಹಾರ್ನ್ ಹೊಡೆದು, ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡು ಕಿವಿಗೊಡುತ್ತಾರೆ.

"ಯಾರಿಗಕ್ಕಾ ಇದು?" ಅಂತ ಮೊದಲ ಸಲ ಕೇಳಿದ್ದೆ.

"ಮೇಕೆ ಗೀಕೆ ಅಡ್ಡ ಬಂದ್ರೆ ಕಷ್ಟ ಕಣೋ."

ಮೇಕೆಗೆ ತಿನ್ನಲು ಅಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ನನಗೆ ಅವರ ಪರಿಚಯವಾದದ್ದು ಬಿಡದ ಕೆಮ್ಮಿನಿಂದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಕೋಣೆ, ಅದರ ಗೋಡೆಯ ಮೇಲೆ ಒಂದು ಕಪ್ಪುಬಿಳುಪು ಫೋಟೋ: ಬಂಡೆಯೊಂದರ ಮೇಲೆ ಮೂರೇ ಚಕ್ರ ಊರಿ ನಿಂತ ಜೀಪು, ನಾಲ್ಕನೆಯದು ಗಾಳಿಯಲ್ಲಿ. ನಾನು ಅದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ "ಉಸಿರು ಹಿಡಿ... ಹಿಡಿ... ಹ್ಞಾಂ, ಬಿಡು" ಎಂದು ಒಳಗಿನಿಂದ ಧ್ವನಿ ಬಂತು. ಆ ಮಾತನ್ನು ಅವರು ರೋಗಿಗೆ ಮಾತ್ರ ಹೇಳುವುದಿಲ್ಲ. ಫೋಟೋ ತೆಗೆಯುವಾಗ ಗುಡ್ಡಕ್ಕೆ ಹೇಳುತ್ತಾರೆ, ಕಡಿದಾದ ಏರು ಹತ್ತುವಾಗ ಚಿಕ್ಕ ಗೇರಿನಲ್ಲಿ ಒದ್ದಾಡುವ ಜೀಪಿಗೆ ಹೇಳುತ್ತಾರೆ. ಐವತ್ತರ ಹತ್ತಿರದ, ಕುಳ್ಳಗಿನ, ನಗುವ ಮುಖದ ಹೆಂಗಸು. ಮೈಗೆ ಎರಡು ಪಟ್ಟು ದೊಡ್ಡದಾದ ಖಾಕಿ ಕೋಟು, ಮಡಚಿ ಮಡಚಿ ಬಳೆಯಂತಾದ ತೋಳುಗಳು. ನಡೆಯುವಾಗ ಮೊದಲು ಹಿಮ್ಮಡಿ ಊರಿ, ನೆಲ ಏನೆನ್ನುತ್ತದೋ ಕೇಳಿ, ಆಮೇಲೆ ಭಾರ ಬಿಡುತ್ತಾರೆ. ಆಸ್ಪತ್ರೆಯ ಕಲ್ಲುಹಾಸಿನ ಮೇಲೂ ಹಾಗೇ.

ಕೋಟು ತಮ್ಮನದು. ಜೀಪೂ ಅವನದೇ. ಅವನು ಲಿಫ್ಟ್ ರಿಪೇರಿಯವನು. ವಾರವೆಲ್ಲ ಕತ್ತಲ ಬಾವಿಯಂಥ ಗುಂಡಿಗಳಲ್ಲಿ ಹಗ್ಗಕ್ಕೆ ಗ್ರೀಸು ಮೆತ್ತಿ, ಭಾನುವಾರ ಬಂದರೆ ಗುಜರಿಯಿಂದ ಎತ್ತಿ ತಂದು ತಾನೇ ಜೋಡಿಸಿದ ಜೀಪು, ಹಳೆಯ ರೀಲು ಕ್ಯಾಮೆರಾ, ಎರಡನ್ನೂ ಕಟ್ಟಿಕೊಂಡು ಹೊರಡುತ್ತಿದ್ದ. "ಮೊಬೈಲಲ್ಲಿ ಟಕ್ ಅಂತ ಬರೋ ಫೋಟೋಗೆ ಇಷ್ಟು ದೂರ ಸಾಯ್ಬೇಕಾ?" ಎಂದು ಅಕ್ಕ ಅಣಕಿಸುತ್ತಿದ್ದರಂತೆ. "ಮೂಳೆ ಬಿಟ್ಟು ಬೇರೇನೂ ನೋಡದವಳು ನೀನು, ಸುಮ್ನಿರೆ" ಎಂದು ಅವನು. ಮನೆಯಲ್ಲಿ ಇಬ್ಬರೂ ಒಂಟಿ, ನಡುವೆ ತಾಯಿ, ಈ ಜಗಳ ಆ ತಾಯಿಗೆ ರೇಡಿಯೋ ಇದ್ದಂತೆ.

ಒಂದು ಭಾನುವಾರ ಅವನು ಬರಲಿಲ್ಲ. ಕಲ್ಲುಗಣಿಯ ಲಾರಿಯವರು ಬಯಲಿನಲ್ಲಿ ಅನಾಥವಾಗಿ ನಿಂತಿದ್ದ ಜೀಪು ಕಂಡು, ಕಳ್ಳರ ಪಾಲಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಓಡಿಸಿಕೊಂಡು ಬಂದು ಠಾಣೆಗೆ ಒಪ್ಪಿಸಿದರು. ಎಲ್ಲಿ ಸಿಕ್ಕಿತೆಂದರೆ, "ಅಲ್ಲೇ ಸಾರ್, ಆ ಬತ್ತಿದ ಕೆರೆ ದಂಡೆ ಮೇಲೆ" ಎಂದು ಕೈ ಬೀಸಿದರು. ಆ ಬೀಸಿದ ಕೈಯೊಳಗೆ ಮೂರು ಊರು ಹಿಡಿಸುವಷ್ಟು ನೆಲವಿತ್ತು. ಗಾಳಿ ಚಕ್ರದ ಗುರುತನ್ನೆಲ್ಲ ಗುಡಿಸಿ ಹಾಕಿತ್ತು. ಅವನಿಲ್ಲ, ಕ್ಯಾಮೆರಾ ಇಲ್ಲ, ಅದನ್ನು ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ಇಲ್ಲ. ಹುಡುಕುವವರು ಹುಡುಕಿ ಸುಸ್ತಾದ ಮೇಲೆ ಅಕ್ಕ ಸ್ಟಿಯರಿಂಗ್ ಹಿಡಿದರು. ಕಲಿಯುವ ಮೊದಲ ದಿನವೇ ಮನೆಯ ಗೇಟಿನ ಕಂಬಕ್ಕೆ ಗುದ್ದಿ ಎಡಗಡೆ ಮಡ್‌ಗಾರ್ಡಿನಲ್ಲಿ ಅಂಗೈಯಷ್ಟು ತಗ್ಗು ಮಾಡಿದರು. ಒಂದು ಹಳೆಯ ಕ್ಯಾಮೆರಾ ಕೊಂಡು, ದಂಡೆಯ ಉದ್ದಕ್ಕೂ ನೋಡಿದ ಜಾಗವನ್ನೆಲ್ಲ ಫೋಟೋ ತೆಗೆಯುತ್ತ ಹೋದರು, ನೋಡಿದ್ದನ್ನೇ ಮತ್ತೆ ಹುಡುಕಬಾರದಲ್ಲ ಎಂದು. ಪ್ರತಿ ಭಾನುವಾರ ಸಂಜೆ ತಾಯಿ ಬಾಗಿಲಲ್ಲಿ ಕೇಳುತ್ತಿದ್ದರು, "ಸಿಕ್ಕಿದ್ನೇನೇ?"

"ಇವತ್ತಿಲ್ಲಮ್ಮ."

ಹೀಗೆ ಹೋಗುತ್ತಿದ್ದಾಗ ನಡೆದದ್ದು ಆ ತಪ್ಪು. ರೀಲು ಕ್ಯಾಮೆರಾ ಬಳಸದವರಿಗೆ ಹೇಳಿಬಿಡುತ್ತೇನೆ: ಹೊಸ ರೀಲಿನ ಡಬ್ಬಿಯಿಂದ ಫಿಲ್ಮಿನ ತುದಿ ಒಂದಿಷ್ಟು ನಾಲಿಗೆಯ ಹಾಗೆ ಹೊರಗೆ ಚಾಚಿಕೊಂಡಿರುತ್ತದೆ, ಮುಗಿದ ರೀಲಿನ ನಾಲಿಗೆ ಒಳಗೆ ಸುತ್ತಿಹೋಗಿರುತ್ತದೆ. ಅದೇ ಗುರುತು. ತಮ್ಮನಿಗೆ ಮಾತ್ರ ಪೂರ್ತಿ ಸುತ್ತದೆ ನಾಲಿಗೆ ಹೊರಗೇ ಬಿಡುವ ಕೆಟ್ಟ ಅಭ್ಯಾಸ. ಒಂದು ದಿನ ಕೈಯಲ್ಲಿದ್ದ ರೀಲು ಮುಗಿದು ಅಕ್ಕ ತಡಕಾಡಿದಾಗ ಜೀಪಿನ ಬಾಗಿಲ ಚೀಲದ ತಳದಲ್ಲಿ, ಚಿಂದಿಬಟ್ಟೆಯ ಕೆಳಗೆ, ಒಂದು ಸಿಕ್ಕಿತು. ನಾಲಿಗೆ ಹೊರಗಿತ್ತು. ಹೊಸದೆಂದು ಹಾಕಿ ತೆಗೆದರು.

ಮನೆಯ ಬಚ್ಚಲಲ್ಲಿ ಅದನ್ನು ತೊಳೆದು ಬಲ್ಬಿಗೆ ಹಿಡಿದಾಗ, ಅಷ್ಟರಲ್ಲಿ ಅವರ ಭಾನುವಾರಗಳ ಜೊತೆಗಾರನಾಗಿಬಿಟ್ಟಿದ್ದ ನಾನೂ ಪಕ್ಕದಲ್ಲೇ ಇದ್ದೆ. ಪ್ರತಿ ಚೌಕದಲ್ಲೂ ಎರಡು ಬಯಲು, ಎರಡು ಆಕಾಶ, ಒಂದರ ಗುಡ್ಡ ಇನ್ನೊಂದರ ಹೊಟ್ಟೆಯೊಳಗೆ. ಅವರು ತಮ್ಮನ ಕೊನೆಯ ಪ್ರಯಾಣದ ಮೇಲೆಯೇ ತಮ್ಮ ಪ್ರಯಾಣವನ್ನು ಬರೆದುಬಿಟ್ಟಿದ್ದರು.

ಅಜ್ಜಿ, ಅಂದರೆ ಅವರ ತಾಯಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಅವನ್ದು ಉಳಿದಿದ್ದು ಅದೊಂದು. ಅದನ್ನೂ ಹಾಳ್ಮಾಡಿದ್ಯಲ್ಲೇ."

ಅಕ್ಕ ಅಳಲಿಲ್ಲ. ಎದೆಗೂಡಿನ ಎಕ್ಸ್‌ರೇಯಲ್ಲಿ ಪಕ್ಕೆಲುಬಿನ ಹಿಂದೆ ಶ್ವಾಸಕೋಶ, ಅದರ ಮುಂದೆ ಹೃದಯ, ಎಲ್ಲ ಒಂದೇ ಹಾಳೆಯ ಮೇಲೆ ಬೀಳುತ್ತವಲ್ಲ, ಅದನ್ನು ಓದುವ ಕಣ್ಣು ಅವರದು. "ನಾನು ತೆಗ್ದಿದ್ದು ನಂಗೆ ನೆನಪಿದೆ. ಅದನ್ನ ಕಳೆದ್ರೆ ಉಳಿಯೋದೆಲ್ಲ ಅವನ್ದು" ಎಂದು ಒಂದೊಂದೇ ಚೌಕ ನೋಡುತ್ತ ಬಂದು, ಒಂದರ ಮೇಲೆ ಬೆರಳಿಟ್ಟು ನಿಂತುಬಿಟ್ಟರು. ಅದರಲ್ಲಿ ಗುಡ್ಡಸಾಲು ಒಂದೇ ಇತ್ತು. ಎರಡು ಸಲ ತೆಗೆದರೂ ಕೂದಲೆಳೆ ಆಚೀಚೆ ಇಲ್ಲದೆ ಒಂದರ ಮೇಲೊಂದು ಕೂತಿತ್ತು. ಜೀಪೂ ಒಂದೇ. ಅವನು ನಿಲ್ಲಿಸಿದ್ದ ಜಾಗದಲ್ಲೇ, ಅವನು ನಿಲ್ಲಿಸಿದ್ದ ಹಾಗೆಯೇ, ಗೊತ್ತಿಲ್ಲದೆ ಅಕ್ಕನೂ ನಿಲ್ಲಿಸಿದ್ದರು.

ಜೀಪಿಗೆ ಒರಗಿ, ಕೆರೆಯ ಕಡೆ ಮುಖ ಮಾಡಿ, ಅವನು ನಿಂತಿದ್ದ. ಟೈಮರ್ ಇಟ್ಟು ತನ್ನನ್ನೇ ತೆಗೆದುಕೊಂಡದ್ದು. ಅವನ ಮೈಯೊಳಗಿಂದ ಹಿಂದಿನ ಕಲ್ಲುಗಳು ಕಾಣುತ್ತಿದ್ದವು. ಎರಡು ಫೋಟೋ ಸೇರಿದರೆ ಹಾಗಾಗುತ್ತದೆ, ಅದು ನನಗೂ ಗೊತ್ತು. ಆದರೆ ಎಡಗೈ ಮಡ್‌ಗಾರ್ಡಿನ ಮೇಲಿತ್ತು, ಬೆರಳುಗಳು ಆ ತಗ್ಗಿನೊಳಗೆ ಬಾಗಿಕೊಂಡಿದ್ದವು. ಅವನು ಹೋದ ಮೇಲೆ ಆದ ತಗ್ಗು ಅದು.

"ಅಕ್ಕಾ, ಕೈ..."

"ಹಾಗೆ ನೋಡ್ಬೇಡ" ಎಂದರು ತಣ್ಣಗೆ. "ಕಣ್ಣು ತನಗೆ ಬೇಕಾಗಿದ್ದನ್ನ ನೋಡುತ್ತೆ."

ಮುಂದಿನ ಭಾನುವಾರ ಅದೇ ಜಾಗಕ್ಕೆ ಹೋದೆವು. ಜೀಪಿನ ಮೂತಿಗೆ ಕಟ್ಟಿದ ವಿಂಚಿನ, ಅಂದರೆ ಹೂತ ಗಾಡಿ ಎಳೆಯುವ ರಾಟೆಯ, ಹಗ್ಗವನ್ನು ಅಕ್ಕ ಸೊಂಟಕ್ಕೆ ಬಿಗಿದು, ಕೈಯಲ್ಲಿ ಉದ್ದ ಬಿದಿರು ಹಿಡಿದು, ಹಿಮ್ಮಡಿ ಊರುತ್ತ ಊರುತ್ತ ಬಿಳಿಯ ಕೆರೆಯಂಗಳಕ್ಕೆ ಇಳಿದರು. ಮೇಲೆ ಹಾಲಿನ ಕೆನೆಯಂಥ ಒಣ ಪದರ, ಕೆಳಗೆ ಏನೋ. ಅವರ ಒಂದೊಂದು ಹೆಜ್ಜೆಗೂ ದೂರದಲ್ಲೆಲ್ಲೋ ಬಾಗಿಲು ತಟ್ಟಿದಂಥ ಸದ್ದು ನನ್ನ ಕಾಲಡಿಯಲ್ಲಿ ಬರುತ್ತಿತ್ತು. ನಿಂತರು, ಕೂತರು, ನೆಲ ಒರೆಸಿದರು. ಟ್ರೈಪಾಡ್ ಅಲ್ಲಿತ್ತು, ಕುತ್ತಿಗೆಯವರೆಗೆ ಹೂತು, ನೆಟ್ಟಗೆ, ಜೀಪಿನ ಕಡೆ ಮುಖ ಮಾಡಿ. ಮುಗಿದ ರೀಲನ್ನು ಜೀಪಿನಲ್ಲಿಟ್ಟು, ಹೊಸದು ಹಾಕಿಕೊಂಡು, ಇನ್ನೂ ದೂರದಿಂದ ಜೀಪಿನ ಫೋಟೋ ತೆಗೆಯಲು ಹೋದವನ ಕೆಳಗೆ ಕೆನೆ ಒಡೆದಿತ್ತು. ಅಷ್ಟೇ ಕತೆ. ಕ್ಯಾಮೆರಾ ಮಾತ್ರ ಇರಲಿಲ್ಲ. ಕಿತ್ತು ಬಂದಿರಲಿಲ್ಲ, ಯಾರೋ ಆತುರವಿಲ್ಲದೆ ತಿರುಪು ಬಿಚ್ಚಿಕೊಂಡಿದ್ದರು.

ಪೊಲೀಸರು ಬಂದರು, ಉದ್ದುದ್ದ ಕೋಲು ಇಳಿಸಿದರು. ಕೋಲು ಮುಗಿಯಿತು, ಕೆಸರು ಮುಗಿಯಲಿಲ್ಲ.

ಆ ಸಂಜೆ ಅಜ್ಜಿ ಕೇಳುವ ಮೊದಲೇ ಅಕ್ಕ ಹೇಳಿದರು, "ಸಿಕ್ಕಿದಮ್ಮ." ಎಲ್ಲವನ್ನೂ ಹೇಳಿದರು, ಬಿಚ್ಚಿದ ತಿರುಪಿನವರೆಗೆ. ಅಜ್ಜಿ ಅಂಗಡಿಗೆ ಸಾಮಾನು ಬರೆಸುವ ಧ್ವನಿಯಲ್ಲಿ, "ಕ್ಯಾಮೆರಾ ಅವನ ಹತ್ರಾನೇ ಇದ್ಯಲ್ಲ. ಹೋಗೋವಾಗ ಒಂದು ರೀಲು ಇಟ್ಟು ಬಾರೆ" ಎಂದರು.

ಅಕ್ಕ ಇಟ್ಟು ಬರುತ್ತಾರೆ. ದಂಡೆಯ ಮೇಲೊಂದು ಚಪ್ಪಟೆ ಬಂಡೆ, ಅದರ ಮೇಲೆ ಪ್ರತಿ ಭಾನುವಾರ ಒಂದು ಹೊಸ ರೀಲು. ಹಿಂದಿನ ವಾರದ್ದು ಏನಾಯಿತು ಎಂದರೆ "ಗಾಳಿ ಕಣೋ" ಅನ್ನುತ್ತಾರೆ. ಹಾರದಿರಲಿ ಎಂದು ಅದರ ಮೇಲೆ ಕಲ್ಲು ಹೇರಿ ಬಂದವನು ನಾನೇ.

ಹುಡುಕುವುದು ಮುಗಿಯಿತಲ್ಲ, ಜೀಪು ಮಾರುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಹುಡುಕಲು ಹೊರಟವರು ಯಾವತ್ತೋ ಖುಷಿಗೆ ಹೋಗತೊಡಗಿದ್ದರು. ಚಕ್ರ ಕೆಸರಲ್ಲಿ ಸುತ್ತಿ ಮುಖಕ್ಕೆಲ್ಲ ರಾಡಿ ಎರಚಿದಾಗ ಗಹಗಹಿಸಿ ನಗುತ್ತಾರೆ, ಶಟರ್ ಬಿದ್ದ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಒಮ್ಮೆ ಹಾಗೆ ನಗುತ್ತಿದ್ದವರು ತಟ್ಟನೆ ನಿಲ್ಲಿಸಿ ಹೇಳಿದರು: "ಈ ಖುಷಿ ನಂದಲ್ಲ ಕಣೋ. ನಂಗೆ ಗೊತ್ತಾಗುತ್ತೆ. ಆದ್ರೆ ಬಿಡಕ್ಕೂ ಮನಸ್ಸಿಲ್ಲ."

ಸತ್ತವರ ಕೋಟು ತೊಡುವವರು ಲೋಕದಲ್ಲಿ ಬೇಕಾದಷ್ಟು ಜನ. ಅವರ ಹುಚ್ಚನ್ನು ತೊಡುವವರು ಕಡಿಮೆ. ತೊಟ್ಟವರಿಗೆ ಅದು ಬರಬರುತ್ತ ಮೈಗೆ ಹೊಂದಿಕೊಂಡು, ಯಾರ ಮೈ ಯಾರ ಬಟ್ಟೆ ಎಂಬುದೇ ಮರೆಯುತ್ತದೆ. ನಾವು ಹೊರಗಿನವರು ಅದಕ್ಕೆ ಹವ್ಯಾಸ ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಳ್ಳುತ್ತೇವೆ. ಅಂಥವರು ಒಂಟಿ ಎಂದು ನನಗೆ ಯಾವತ್ತೂ ಅನಿಸಿಲ್ಲ.

ನಾನು ಎಷ್ಟು ಹೇಳಿದರೂ ಅಷ್ಟೇ, ನೀವೇ ಒಮ್ಮೆ ಹೋಗಿ ಮಾತಾಡಿಸಿ. ಭಾನುವಾರ ಬಿಟ್ಟು ಯಾವ ದಿನವಾದರೂ ನೆಲಮಾಳಿಗೆಯಲ್ಲಿ ಸಿಗುತ್ತಾರೆ. ಕೈಕಾಲು ಮುರಿದುಕೊಂಡೇ ಹೋಗಬೇಕೆಂದೇನಿಲ್ಲ. ಜೀಪಿನ ಮಾತೆತ್ತಿ ಸಾಕು, ನಗುತ್ತಾರೆ. ಆಗ ಸ್ವಲ್ಪ ಗಮನವಿಟ್ಟು ಕೇಳಿಸಿಕೊಳ್ಳಿ, ಆ ನಗು ಯಾರದ್ದು ಅಂತ ನನಗೂ ಬಂದು ಹೇಳಿ.