ಶುಕ್ರವಾರದ ಹನ್ನೆರಡೂಕಾಲು

ಪಟ್ಟಿಯಲ್ಲಿ ಗುತ್ಯಮ್ಮನ ಹೆಸರು ಏಳನೆಯದಾಗಿತ್ತು. ಮಳಿಗೆ ಇದ್ದದ್ದು ಆರು.

ನೋಟಿಸ್ ಬೋರ್ಡಿಗೆ ಪಟ್ಟಿ ಹಚ್ಚುತ್ತಿದ್ದ ವನಮಾಲಾ ಆ ಸಾಲಿಗೆ ಬೆರಳಿಟ್ಟಳು. ಮತ್ತೊಮ್ಮೆ ಓದಿದಳು. ಏಳೇ. ಶುಕ್ರವಾರ ಬೆಳಗ್ಗೆ ಐದಕ್ಕೆಲ್ಲ ಬಂದು ವರ್ತಕರ ಸಂಘದ ಮೆಟ್ಟಿಲ ಮೇಲೆ ಕೂತಿದ್ದವಳು ಈ ಗುತ್ಯಮ್ಮ. ಸಾಗರದ ಬಸ್ ಸ್ಟ್ಯಾಂಡಿನ ಮುಂದೆ, ಚರಂಡಿ ಪಕ್ಕ ಗೋಣಿ ಹಾಸಿ, ಹದಿನಾಲ್ಕು ವರ್ಷದಿಂದ ತರಕಾರಿ ಮಾರುವವಳು. ಪೊಲೀಸರು ಎಬ್ಬಿಸಿದಾಗೆಲ್ಲ ಬುಟ್ಟಿ ಹೊತ್ತು ಓಡಿ ಓಡಿ ಅವಳ ಮೊಣಕಾಲು ಸವೆದಿತ್ತು. ಮೊದಲು ಬಂದ ಆರು ಮಂದಿಗೆ ಹೊಸ ಮಾರುಕಟ್ಟೆಯಲ್ಲಿ ಮಳಿಗೆ ಎಂದು ವರ್ತಕರ ಸಂಘ ಊರಿಗೆಲ್ಲ ಸಾರಿಸಿದ್ದನ್ನು ನಂಬಿ ಬಂದಿದ್ದಳು.

ಹಿಂದೆಲ್ಲ ಹೆಸರು ಬರೆಯಲು ಪುಸ್ತಕವಿತ್ತು. ನಡುವೆ ಹೆಸರು ತೂರಿಸುತ್ತಾರೆ ಎಂಬ ಗಲಾಟೆ ಪ್ರತಿ ಸಲದ್ದು. ಅದಕ್ಕೇ ಎಂಬತ್ತೆಂಟರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂದದ್ದೇ ತಡ, ಪುಸ್ತಕವನ್ನು ಅಟ್ಟಕ್ಕೆಸೆದರು. ಹೆಸರು ಒತ್ತಿದ ಕೂಡಲೇ ಗಂಟೆ ನಿಮಿಷ ಅದೇ ಬರೆದುಕೊಳ್ಳುತ್ತದೆ, ಆ ಹೊತ್ತಿನ ಪ್ರಕಾರ ಪಟ್ಟಿ ಮಾಡುತ್ತದೆ. ಶಿವಮೊಗ್ಗದಲ್ಲಿ ಮೂರು ತಿಂಗಳು ಕಲಿತು ಬಂದ ವನಮಾಲಾ ಆ ಯಂತ್ರವನ್ನು ತನಗೆ ಬೇಕಾದ ಹಾಗೆ ಪಳಗಿಸಿಕೊಂಡಿದ್ದಳು. ಕಾರ್ಯದರ್ಶಿ ಮುಕುಂದಯ್ಯ ಬೆಚ್ಚಿಬೀಳುತ್ತಾರೆಂದು ಅದರ ಕೀಂಕೀಂ ನಿಲ್ಲಿಸಿದ್ದಳು. ಅಧ್ಯಕ್ಷರ ಕಣ್ಣಿಗೆ ತಂಪಾಗಲಿ ಎಂದು ಅಕ್ಷರಕ್ಕೆ ಹಸಿರು ಬಣ್ಣ ಕೊಟ್ಟಿದ್ದಳು. ದಿನಾ ಬೆಳಗ್ಗೆ ಎದ್ದ ತಕ್ಷಣ ಯಂತ್ರ ಇವತ್ತು ಯಾವ ತಾರೀಖು, ಗಂಟೆ ಎಷ್ಟು ಎಂದು ಅವಳನ್ನೇ ಕೇಳುತ್ತಿತ್ತು. ಅವಳು ಹೇಳಿದ್ದೇ ಅದಕ್ಕೆ ಹೊತ್ತು. ಹುಡುಗಿಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ?

ಆ ಶುಕ್ರವಾರ ಹತ್ತೂವರೆಗೆ ಬಾಗಿಲು ತೆಗೆದಾಗ ಹೊರಗೆ ಮೂವತ್ತು ಜನ. ತೀರ್ಥಹಳ್ಳಿ ಕಡೆಯ ಮುಕುಂದಯ್ಯ ಪಂಚಾಂಗ ನೋಡದೆ ಪೆನ್ನಿಗೆ ಶಾಯಿ ಕೂಡ ತುಂಬಿಸದ ಆಸಾಮಿ. ಅವತ್ತು ಹಣೆ ಹಣೆ ಬಡಿದುಕೊಂಡರು.

"ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ ಕಣಮ್ಮ! ಹೊಸ ಮಾರ್ಕೆಟ್ಟಿನ ಮೊದಲ್ನೇ ಹೆಸರು ರಾಹುಕಾಲದಲ್ಲಿ ಬರೆಯೋದಾ? ಜನ ನೋಡಿದ್ರೆ ಕಾಯಲ್ಲ ಅಂತಾರೆ."

"ಅದಕ್ಕೇನು ಸಾರ್, ಮಿಷನ್ನಿಗೆ ಬೇರೆ ಟೈಮ್ ಕೊಟ್ರಾಯ್ತು," ಎಂದಳು ವನಮಾಲಾ. "ಯಾವುದು ಒಳ್ಳೇದು ಹೇಳಿ."

ಮುಕುಂದಯ್ಯನ ಮುಖ ಅರಳಿತು. "ಹನ್ನೆರಡೂಕಾಲು ಕೊಡು. ಅಭಿಜಿನ್ ಮುಹೂರ್ತ."

ಹಾಗೆ ಹತ್ತೂವರೆಗೆ ಯಂತ್ರದೊಳಗೆ ಹನ್ನೆರಡೂಕಾಲಾಯಿತು. ಗುತ್ಯಮ್ಮ ಮೊದಲ ಹೆಸರು ಬರೆಸಿ, ಪರದೆಗೆ ಕೈಮುಗಿದು ಹೋದಳು. ಅವಳ ಹಿಂದೆ ಉಳಿದವರೂ ಬರೆಸಿದರು. ಎಲ್ಲರ ಹೊತ್ತೂ ಒಂದೇ ಸಮ ಮುಂದಕ್ಕೆ ಹೋದರೆ ಯಾರಿಗೇನು ನಷ್ಟ? ಯಾರಿಗೂ ಇಲ್ಲ. ದಿನವಿಡೀ ಹಾಗೇ ಬಿಟ್ಟಿದ್ದರೆ.

ಬಿಡಲಿಲ್ಲವಲ್ಲ! ನಿಜವಾದ ಹನ್ನೆರಡು ಹೊಡೆದದ್ದೇ ಮುಕುಂದಯ್ಯ, "ರಾಹುಕಾಲ ಕಳೀತು, ಇನ್ನು ಸರಿಯಾದ ಟೈಮಿಗೆ ತಂದುಬಿಡು, ಸುಮ್ಮನೆ ಸುಳ್ಳು ಯಾಕೆ?" ಎಂದರು. ಅವಳು ಯಂತ್ರದ ಹೊತ್ತನ್ನು ಹಿಂದಕ್ಕೆ ತಂದಳು. ಆಗಲೇ ಹೊಸನಗರದ ಬಸ್ಸಿಳಿದು ಆರು ಜನ ಬಂದರು. ಅವರದು ಏನೂ ತಪ್ಪಿಲ್ಲ. ಹನ್ನೆರಡು ಗಂಟೆ ಎರಡು ನಿಮಿಷದಿಂದ ಹದಿಮೂರು ನಿಮಿಷದೊಳಗೆ ಆರು ಹೆಸರೂ ಮುಗಿದವು. ಯಂತ್ರದ ಲೆಕ್ಕದಲ್ಲಿ ಅವರೇ ಮೊದಲು. ಗುತ್ಯಮ್ಮ, ಅವಳ ಹಿಂದಿದ್ದವರು ಎಲ್ಲ ಅವರಾದ ಮೇಲೆ ಬಂದವರು.

ಈಗ, ಸೋಮವಾರ, ಪಟ್ಟಿಯ ಮುಂದೆ ನಿಂತಾಗ ವನಮಾಲಾಗೆ ಇದೆಲ್ಲ ಒಟ್ಟಿಗೆ ಹೊಳೆಯಿತು. ಅಯ್ಯೋ, ನಾನೇ ಮಾಡಿದೆನಲ್ಲ! ಒಳಗೆ ಓಡಿ ಮುಕುಂದಯ್ಯನಿಗೆ ಹೇಳಿದಳು. ಅವರೂ ಹೆದರಿದರು, ಆದರೆ ಬೇರೆ ಕಾರಣಕ್ಕೆ.

"ಅಧ್ಯಕ್ಷರ ಸಹಿ ಬಿದ್ದಾಗಿದೆ. ರಾಹುಕಾಲಕ್ಕೆ ಹೆದರಿ ಗಡಿಯಾರ ತಿರುಗಿಸಿದ್ವಿ ಅಂತ ಊರಿಗೆ ಹೇಳ್ತೀಯಾ? ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಬಾಯಿ ಮುಚ್ಕೊಂಡಿರು."

ಅಪ್ಪನಿಲ್ಲದ ಮನೆಗೆ ಅವಳ ಸಂಬಳವೇ ಆಧಾರ. ಬಾಯಿ ಮುಚ್ಚಿಕೊಂಡೇ ಹೊರಗೆ ಬಂದಳು.

ಬೋರ್ಡಿನ ಮುಂದೆ ಜನ ಸೇರಿತ್ತು. ಗುತ್ಯಮ್ಮ ಬುಟ್ಟಿ ಇಳಿಸಿ ನಿಂತಿದ್ದಳು. ಯಾರೋ ಓದಿ ಹೇಳಿದರು: "ನಿಂದು ಏಳನೇದು. ಹನ್ನೆರಡೂಕಾಲಿಗೆ ಬಂದಿದೀಯ ಅಂತ ಕಂಪ್ಯೂಟರ್ರೇ ಹಾಕಿದೆ."

ಈಗ ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ವನಮಾಲಾ ಗೋಡೆಗೆ ಒತ್ತಿ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ.

ಗುತ್ಯಮ್ಮ ಬೈಯಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಮೆಲ್ಲಗೆ ವನಮಾಲಾಳ ಹತ್ತಿರ ಬಂದಳು.

"ತಂಗೀ, ನಾನು ಕತ್ಲಿಗೇ ಬಂದೆ ಅಂತ್ಲೇ ಅನ್ಕಂಡಿದ್ನಲ್ಲ. ಮಿಷನ್ನು ಯಾಕೆ ಸುಳ್ಳು ಹೇಳ್ತದೆ? ಇತ್ಲಾಗೆ ನಂಗೆ ಏನೂ ನೆಪ್ಪೇ ನಿಲ್ತಾ ಇಲ್ಲ ಕಾಣ್ತದೆ. ನಮ್ಮವ್ವಂಗೂ ಹಿಂಗೇ ಶುರುವಾಗಿತ್ತು."

ವನಮಾಲಾ ತಲ್ಲಣಿಸಿಹೋದಳು. ಮಳಿಗೆ ಹೋಯಿತು ಎಂದುಕೊಂಡಿದ್ದರೆ ಇಲ್ಲಿ ಈ ಹೆಂಗಸಿನ ಬುದ್ಧಿಯನ್ನೇ ಕಸಿದುಕೊಂಡಾಗಿತ್ತು.

"ನೀವೇ ಮೊದಲು ಬಂದಿದ್ದು ಗುತ್ಯಮ್ಮ," ಎಂದಳು, ಒಳಗಿನ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ. "ನಾನೇ ಕಣ್ಣಾರೆ ನೋಡಿದೀನಿ. ರಾಹುಕಾಲ ಅಂತ ಮಿಷನ್ನಿನ ಗಡಿಯಾರ ತಿರುಗಿಸಿದ್ದು ನಾನು. ಅದು ಹೇಳೋದು ಸುಳ್ಳು."

ಒಳಗೆ ಮುಕುಂದಯ್ಯನ ಕುರ್ಚಿ ಸರಿದ ಸದ್ದಾಯಿತು. ಗುತ್ಯಮ್ಮ ಮಳಿಗೆಯ ಮಾತನ್ನೇ ಎತ್ತಲಿಲ್ಲ. ವನಮಾಲಾಳ ಎರಡೂ ಕೈ ಹಿಡಿದುಕೊಂಡು, ಮುಖವನ್ನೇ ನೋಡುತ್ತ ಕೇಳಿದಳು:

"ಹಂಗಾರೆ ನಂಗೆ ತಲೆ ಕೆಟ್ಟಿಲ್ವಾ ತಂಗೀ?"