ಮಲಗುವ ಕೋಣೆಯ ಕೊಳವೆ

ಟಕ್ — ಮತ್ತೆ ಬಡಿಯಿತು, ಕೆಳಗೆ ನೆಲಮಾಳಿಗೆಗೆ ಹೋಗಿ ನೀರು ಕಾಯಿಸುವ ಒಲೆಗೆ ಈಗ ತಾನೇ ಎರಡು ಕೊರಡು ಹಾಕಿ ಬಂದೆ, ಬಿಸಿನೀರು ಕೊಳವೆ ಹತ್ತಿ ಈ ಕೋಣೆಗೆ ಬರುತ್ತಿದ್ದ ಹಾಗೆ ಶುರು, ಟಕ್, ಟಕ್, ಗೋಡೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ, ಕೋಣೆ ಬೆಚ್ಚಗಿಡಲು ನನ್ನ ಕೈಯಾರೆ ಜೋಡಿಸಿದ ರೇಡಿಯೇಟರ್ ನನ್ನನ್ನೇ ಆಡಿಸುತ್ತಿದೆ, ಲೊವೆಚ್ ಊರಿನ ಅರ್ಧ ಮನೆಗಳಿಗೆ ಕೊಳವೆ ಎಳೆದವನು ನಾನು, ನೆದ್ಯಾಲ್ಕೊ ಮೇಸ್ತ್ರಿ ಮುಟ್ಟಿದ ಮೇಲೆ ಇನ್ನೇನಿದೆ ಅನ್ನುತ್ತಿದ್ದರು, ಈಗ ನನ್ನ ಮಲಗುವ ಕೋಣೆಯಲ್ಲೇ ಮಂಡಿಯೂರಿ ಕೂತಿದ್ದೇನೆ, ಪಕ್ಕದಲ್ಲಿ ಹಳೆ ಬಟ್ಟೆ, ಡಬ್ಬಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಿಡುವ ಕೀಲಿ, ಮಂಚದ ಮೇಲೆ ಅವಳ ಚೀಲ. ಮೂರು ಗಂಟೆಗೆ ಇಟಲಿಯ ಬೊಲೊನ್ಯಾಕ್ಕೆ ಬಸ್ಸು. ಎರಡು ವರ್ಷದ ಮೇಲೆ ಹತ್ತು ದಿನಕ್ಕೆಂದು ಬಂದಳು ಸಾಬ್ಕಾ, ಹೆಂಡತಿ ಅನ್ನಬೇಕೋ ನೆಂಟಳು ಅನ್ನಬೇಕೋ, ಅಲ್ಲಿ ಯಾವುದೋ ಮುದುಕಿಗೆ ಸ್ನಾನ ಮಾಡಿಸಿ ಊಟ ತಿನ್ನಿಸುವ ಕೆಲಸ, ಬಂದಾಗಿನಿಂದ ಅಡುಗೆಮನೆಯ ಸೋಫಾದ ಮೇಲೇ ಮಲಗಿದಳು, ಈ ಸದ್ದಿಗೆ ಹೆಣಾನೂ ಎದ್ದು ಕೂರುತ್ತೆ ನೆದ್ಯಾಲ್ಕೊ, ನನಗೆ ನಿದ್ದೆ ಬರಲ್ಲ ಅಂದಳು, ಸರಿ, ಸದ್ದಿಗೇ ಇರಬೇಕು, ಇನ್ನು ಯಾತಕ್ಕೆ, ಸದ್ದು ಹೋದರೆ ಅವಳು ಉಳಿದಾಳು — ಹೀಗೆ ಅಂದುಕೊಂಡಿದ್ದೇನೆ, ಅರವತ್ತೊಂದು ವರ್ಷದ ಮೂರ್ಖ. ಇರು ಅಂತ ಬಾಯಿಬಿಟ್ಟು ಹೇಳಲು ನಾಲಿಗೆ ಏಳುವುದಿಲ್ಲ, ಕೀಲಿ ಹಿಡಿಯಲು ಕೈ ಏಳುತ್ತದೆ.

ಅಡುಗೆಮನೆಯಿಂದ ವಾಸನೆ ಬರುತ್ತಿದೆ, ದೊಣ್ಣೆಮೆಣಸಿನಕಾಯಿಗೆ ಅಕ್ಕಿ, ಕೈಮಾ ತುಂಬಿ ಬೇಯಿಸುತ್ತಿದ್ದಾಳೆ, ಮೂರು ದಿನದಿಂದ ಬೇಯಿಸಿ ಬೇಯಿಸಿ ಡಬ್ಬಿ ಡಬ್ಬಿಯಾಗಿ ಫ್ರೀಜರಿಗೆ ತುಂಬುತ್ತಿದ್ದಾಳೆ, ಉಳಿಯುವವರು ಯಾರಾದರೂ ಹೀಗೆ ತುಂಬುತ್ತಾರಾ — ಕೀಲಿ ತಿರುಗಿಸಿದೆ, ಸುಸ್ ಅನ್ನಬೇಕು, ಅನ್ನಲಿಲ್ಲ, ನೇರವಾಗಿ ಕಪ್ಪು ನೀರು ಚಿಮ್ಮಿತು, ಗಾಳಿಯೇ ಇಲ್ಲ, ನಿನ್ನೆಯೂ ಇರಲಿಲ್ಲ, ಮೊನ್ನೆಯೂ. ಮದುವೆಯಾದ ಮೂರನೇ ಚಳಿಗಾಲ, ಈ ಕೊಳವೆ ಎಳೆದು ಮೊದಲ ಸಲ ಒಲೆ ಹಚ್ಚಿದ ದಿನವೂ ಹೀಗೇ ಬಡಿದಿತ್ತು, ಗಾಳಿ ಕಣೇ, ಗಾಳಿ ಸಿಕ್ಕೊಂಡಿದೆ, ಅಷ್ಟೇ ಅಂದಿದ್ದೆ, ಅವಳು ಹಿಟ್ಟಿನ ಕೈಯಲ್ಲೇ ಬಂದು ಗೋಡೆಗೆ ಕಿವಿಯಿಟ್ಟಳು, ಅಲ್ಲ ಮೇಸ್ತ್ರಿ, ಕೊಳವೆ ಬಿಸಿಗೆ ಹಿಗ್ಗಿ ಇಟ್ಟಿಗೆಗೆ ಉಜ್ಜುತ್ತಾ ಇದೆ, ನೀನೇ ಕೇಳು ಬಾ ಅಂದಳು, ನೀನು ಹೋಗಿ ಸೂಪು ನೋಡ್ಕೋ, ಇದನ್ನ ನನಗೆ ಬಿಡು ಅಂದೆ, ನನ್ನ ತಮ್ಮಂದಿರು ನಕ್ಕರು, ಅವಳೂ ನಕ್ಕಳು, ವಾರ ಕಳೆಯುವುದರೊಳಗೆ ಸದ್ದು ನಿಂತಿತು, ನೋಡಿದ್ಯಾ, ನಾನು ಹೇಳಲಿಲ್ವಾ ಅಂದೆ. ಮೂವತ್ತು ವರ್ಷ ಬಂದವರಿಗೆಲ್ಲ ರಾಕಿಯಾ ಸಾರಾಯಿ ಬಗ್ಗಿಸಿ ಕೊಚ್ಚಿಕೊಂಡೆ, ನನ್ನ ಮನೆಯ ಪೈಪು ಕೆಮ್ಮೋದೂ ಇಲ್ಲ ಅಂತ. ಅವಳು ಇಟಲಿಗೆ ಹೋದ ಮೇಲೆ ಬಡಿಯತೊಡಗಿತು, ಫೋನಿನಲ್ಲಿ ಅದನ್ನೂ ಅವಳ ತಲೆಗೇ ಕಟ್ಟಿದೆ, ನೀನು ಹೋಗಿದ್ದೇ ಹೋಗಿದ್ದು, ಮನೆಯೇ ಕೆಟ್ಟುಹೋಯ್ತು.

ಕೊಳವೆ ಹಾದು ಬರುವ ಗೋಡೆಯ ತೂತಿಗೆ ಮುಚ್ಚಿದ್ದ ತಗಡನ್ನು ಮೀಟಿದೆ, ಬೇರೆಯವರ ಮನೆಯಾದರೆ ಇಟ್ಟಿಗೆ ತಾಗದ ಹಾಗೆ ತೂತಿನಲ್ಲಿ ಮೊದಲು ಅಗಲದ ಕೊಳವೆಯ ತುಂಡು ಕೂರಿಸಿ ಅದರೊಳಗೆ ಇದನ್ನು ಬಿಡುತ್ತಿದ್ದೆ, ಸ್ವಂತ ಮನೆ, ಯಾರು ನೋಡುತ್ತಾರೆ ಅಂತ ಹಾಗೇ ತೂರಿಸಿ ತಗಡು ಮುಚ್ಚಿದ್ದೆ — ಒಳಗೆ ಉಣ್ಣೆ. ಹುಳ ತಿಂದ ಉಣ್ಣೆಯ ಮುದ್ದೆ, ಎಳೆದೆ, ಪುಡಿ ಉದುರಿತು, ಕಾಲುಚೀಲ, ನನ್ನದೇ, ಅವಳು ಹೆಣೆದದ್ದು, ಹಿಮ್ಮಡಿ ಮಾತ್ರ ಗಟ್ಟಿ ಉಳಿದಿದೆ, ಕಂದು ದಾರ ಸಿಗದೆ ನೀಲಿ ದಾರದಲ್ಲಿ ತೇಪೆ ಹಾಕಿದ ಹಿಮ್ಮಡಿ. ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ನನ್ನ ಕಾಲುಚೀಲದ ಜೊತೆಯಲ್ಲಿ ಒಂದು ಕಾಣೆಯಾಗುತ್ತಿತ್ತು, ಒಂದು ಕಾಲುಚೀಲ ನೆಟ್ಟಗೆ ಇಟ್ಕೊಳ್ಳೋಕೆ ಬರಲ್ವಾ ನಿನಗೆ ಅಂತ ಕೂಗಾಡುತ್ತಿದ್ದೆ, ಅವಳು, ನಾನು ಕೆಳಗೆ ಒಲೆಯ ಮಸಿ ಕೆರೆಯುವಾಗ, ಇಲ್ಲಿ ತಗಡು ತೆಗೆದು ಹಳೆಯದರ ಜಾಗಕ್ಕೆ ಇನ್ನೊಂದನ್ನು ತುರುಕುತ್ತಿದ್ದಳು, ಮೂವತ್ತು ವರ್ಷ, ನಾನು ಕೊಚ್ಚಿಕೊಂಡದ್ದೆಲ್ಲ ಈ ತೇಪೆಯ ಮೇಲೆ. ಯಾಕೆ ಹೇಳಲಿಲ್ಲ — ಹೇಳಿದ್ದಳಲ್ಲ, ಮೊದಲ ದಿನವೇ ಹೇಳಿದ್ದಳು. ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚು ಸಿಟ್ಟು, ಅದೂ ಅವಳ ಮೇಲೆಯೇ, ಎಂಥ ನೀಚ ನಾನು, ಈಗ ಎದ್ದು ಹೋಗಿ ಇದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ನೀನು ಹೇಳಿದ್ದೇ ಸರಿ ಸಾಬ್ಕಾ, ಹೋಗಬೇಡ ಅಂದರೆ ಸಾಕು — ಅಷ್ಟರಲ್ಲಿ ಬಾಗಿಲಲ್ಲಿ ಅವಳೇ, ಕೈ ಒರೆಸಿಕೊಳ್ಳುತ್ತಾ, ತಗಡು ನೋಡಿದಳು, ತೂತು ನೋಡಿದಳು, ಮುಷ್ಟಿ ಕಟ್ಟಿದ ನನ್ನ ಕೈ ನೋಡಿದಳು, ಏನಾಗಿತ್ತು ಅದಕ್ಕೆ ಅಂತ ಕೇಳಿದಳು, ಮೆಲ್ಲಗೆ, ಅಣಕವಿಲ್ಲದೆ, ಕೇಳಿ ಕಾದಳು, ಅಷ್ಟು ಹೊತ್ತು ಅವಳು ಎಂದೂ ಕಾದವಳಲ್ಲ, ಈ ಹಾಳು ಬಾಯಿ ಅಂದಿತು, ಗಾಳಿ ಕಣೇ, ಇನ್ನೇನು. ಹೂಂ, ಗಾಳಿನೇ ಇರ್ಬೇಕು ಬಿಡು ಅಂದಳು, ಮಂಚದ ಹತ್ತಿರ ಬಂದು ಚೀಲದ ಜಿಪ್ಪು ಎಳೆದಳು, ಡಬ್ಬಿ ಮೇಲೆ ತಾರೀಖು ಬರೆದಿದ್ದೀನಿ, ಹಳೇದು ಮೊದಲು ತಿನ್ನು ಅಂದಳು, ಕೋಟು, ಬಾಗಿಲು, ಮೆಟ್ಟಿಲು — ಏಳಬೇಕು, ಏಳು, ಮುಷ್ಟಿ ಬಿಚ್ಚಿದೆ, ಹಿಮ್ಮಡಿ, ನೀಲಿ ದಾರ, ಹೊರಗೆ ಗೇಟಿನ ಸದ್ದು, ಎಷ್ಟು ಒತ್ತೊತ್ತಾಗಿ ಹೊಲಿದಿದ್ದಾಳೆ, ಒಂದು ಎಳೆಯೂ ಬಿಟ್ಟಿಲ್ಲ, ನನ್ನ ಹಿಮ್ಮಡಿ, ನೀಲಿ ದಾರ, ನೀಲಿ ದಾರ —