ರುದ್ರಯ್ಯನ ಎಡಗಾಲು

ಹೆಣದ ಬಲಗಾಲು ಮಡಿಸಿ ಎಡಗಾಲಿಗೆ ಕೈ ಹಾಕುತ್ತಿದ್ದ ಗುಂಡಯ್ಯನವರ ರಟ್ಟೆಯನ್ನು ಕಾಂತರಾಜು ಹಿಡಿದುಕೊಂಡ.

"ಆ ಚರ್ಮ ಬಿಡಿಸ್ದೆ ಮಡಿಸ್ಬ್ಯಾಡಿ ಅಯ್ನೋರೇ. ಯಾವ ಪ್ರಾಣೀದೋ ಏನೋ. ಕೈಲಿ ಲಿಂಗ ಇಟ್ಕಂಡು ಕೂರೋನ ಮೈಮ್ಯಾಲೆ ಅದಿರಬಾರ್ದು."

ದುದ್ದದ ಆ ಮನೆಯ ಜಗಲಿಯಲ್ಲಿ ನೆಂಟರು, ನೆರೆಯವರು ಸೇರಿದ್ದರು. ಬೆಳಗ್ಗೆ ಹಲ್ಲುಜ್ಜುತ್ತಲೇ ಎದೆ ಹಿಡಿದುಕೊಂಡು ಹೋದ ರುದ್ರಯ್ಯನಿಗೆ ಸ್ನಾನ ಮಾಡಿಸಿ ವಿಭೂತಿ ಬಳಿದಾಗಿತ್ತು. ಲಿಂಗಾಯತರ ಮನೆ, ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮೈ ಸೆಟೆಯುವುದರೊಳಗೆ ಚಕ್ಕಳಮಕ್ಕಳ ಹಾಕಿಸದಿದ್ದರೆ ಆಮೇಲೆ ಕಾಲು ಮಣಿಯುವುದಿಲ್ಲ. ಆದರೆ ಕಾಂತರಾಜು ಸತ್ತವನ ಒಡಹುಟ್ಟಿದ ತಮ್ಮ, ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಗುಂಡಯ್ಯನವರು ರುದ್ರಯ್ಯನ ಹೆಂಡತಿ ನೀಲಗಂಗಮ್ಮನ ಕಡೆ ನೋಡಿದರು.

*

ಕೆಲವು ವರ್ಷಗಳ ಹಿಂದೆ, ಬಾಡಿಗೆಗೆ ಟಿಲ್ಲರ್ ಹೊಡೆಯುತ್ತಿದ್ದ ರುದ್ರಯ್ಯ ಹರದನಹಳ್ಳಿಯ ಗದ್ದೆಯಲ್ಲಿ ಜಾರಿಬಿದ್ದಾಗ ಎಡಗಾಲು ಟಿಲ್ಲರಿನ ಬ್ಲೇಡಿಗೆ ಸಿಕ್ಕಿ ಮೊಣಕಾಲ ಕೆಳಗಿನ ಮಾಂಸ ಕಿತ್ತು ಮೂಳೆ ಕಾಣಿಸಿತ್ತು. ಹಾಸನದ ಡಾಕ್ಟರು ಕಾಲು ತೆಗೆಯಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಮಾಡಿದ ಚರ್ಮ ಹಾಸಿ ನೋಡಬೇಕು ಎಂದರು. ತೆಗೆಸಲು ರುದ್ರಯ್ಯ ಒಪ್ಪಿಯೇಬಿಟ್ಟಿದ್ದ. ಹೋಗುವಾಗ ನನ್ನ ಗಂಡ ಎಲ್ಲರಂತೆ ಕೂತು ಹೋಗಬೇಕು ಎಂದು ನೀಲಗಂಗಮ್ಮ ಬಿಡಲಿಲ್ಲ.

ಅದು ಸ್ಪಂಜಿನಂಥ ಹಾಳೆ. ಅದರೊಳಕ್ಕೆ ಅವನದೇ ರಕ್ತನಾಳ ಬೆಳೆದ ಮೇಲೆ, ತೊಡೆಯಿಂದ ತೆಳು ಚರ್ಮ ತೆಗೆದು ಹೊದಿಸಿದರು. ಯಾವ ಪ್ರಾಣಿಯದ್ದೂ ಅಲ್ಲವೆಂದು ರುದ್ರಯ್ಯ ಡಾಕ್ಟರಿಂದ ಮತ್ತೆ ಮತ್ತೆ ಹೇಳಿಸಿಕೊಂಡ. ಕಾಂತರಾಜು ನಂಬಲಿಲ್ಲ. ದನದ್ದೇ ಇರಬೇಕೆಂದು ಜಗಳ ತೆಗೆದವನು ಅಂದಿನಿಂದ ಅಣ್ಣನ ಮನೆಯಲ್ಲಿ ನೀರೂ ಮುಟ್ಟಿರಲಿಲ್ಲ.

ರುದ್ರಯ್ಯ ಮಾತ್ರ ಟೀ ಅಂಗಡಿಯಲ್ಲಿ ಪಂಚೆ ಎತ್ತಿ ಕಾಲು ತೋರಿಸುತ್ತಿದ್ದ. ಇದಕ್ಕೆ ಗ್ಯಾರಂಟಿ ಇದೆಯೇ ಎಂದು ಯಾರಾದರೂ ಕೇಳಿದರೆ, "ನಾನಿರೋಗಂಟ ಐತೆ ಕಣ್ಲಾ" ಎನ್ನುತ್ತಿದ್ದ. ತಮ್ಮ ದಾರಿಯಲ್ಲಿ ಕಂಡರೆ ಪಂಚೆ ಇಳಿಸಿಬಿಡುತ್ತಿದ್ದ.

*

ನೀಲಗಂಗಮ್ಮ ಎದ್ದು ಬಂದಳು. ಅತ್ತಿರಲಿಲ್ಲ, ಸಿಟ್ಟು ಬಂದಿತ್ತು.

"ಬಿಡ್ಸು. ಎಲ್ಲಿಂದ ಸುರು ಮಾಡ್ತೀಯ ತೋರ್ಸು. ಅವ್ರು ಹಾಕಿದ್ ಹಾಳೆ ಎಂದೋ ಮೈಯಾಗೇ ಕರಗೋಯ್ತು. ಈಗಿರೋದು ನಿಮ್ಮಣ್ಣನ ತೊಡೆ ತೊಗ್ಲು. ನಿಮ್ಮವ್ವ ಹೆತ್ತಿದ್ದು."

ಕಾಂತರಾಜು ಬಗ್ಗಿದ. ವಿಭೂತಿಯ ಮೇಲೆ ಹೆಬ್ಬೆಟ್ಟು ಎಳೆದು ಅಂಚು ಹುಡುಕಿದ. ಒಂದು ಕಡೆ ತಗ್ಗಿತ್ತು, ನುಣ್ಣಗಿತ್ತು; ಉಗುರಿಗೆ ಸಿಗುವಂಥ ಅಂಚು ಎಲ್ಲೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಅವನು ಅಣ್ಣನನ್ನು ಮುಟ್ಟಿದ್ದು ಇದೇ ಮೊದಲು.

ಕಾಲು ಬಿಗಿಯುತ್ತಿದೆ, ಬೇಗ ಒಂದು ತೀರ್ಮಾನ ಮಾಡಿ ಎಂದರು ಗುಂಡಯ್ಯನವರು.

ಕಾಂತರಾಜು ಅವರನ್ನು ಪಕ್ಕಕ್ಕೆ ಸರಿಸಿ ತಾನೇ ಕೂತ. ತಲೆಯೆತ್ತದೆ ಕೇಳಿದ:

"ಮಡಿಸೋವಾಗ ನೋವಾಯ್ತಿತ್ತಾ ಅತ್ಗೆ?"

"ಚಳೀಲಿ ಆಯ್ತಿತ್ತು."

ಅವನು ಒಂದು ಅಂಗೈಯನ್ನು ಮಂಡಿಯ ಅಡಿಗಿಟ್ಟು, ಇನ್ನೊಂದರಿಂದ ಆ ತಗ್ಗನ್ನು ಮುಚ್ಚಿ ಹಿಡಿದು, ಮಲಗಿದವನಿಗೆ ಎಚ್ಚರವಾಗಬಾರದು ಎಂಬಂತೆ ಕಾಲನ್ನು ಇಷ್ಟಿಷ್ಟೇ ಮಡಿಸತೊಡಗಿದ.